ತಂಗಳು ನೀರು ಚೆಲ್ಲಿದ ಬೆಳಿಗ್ಗೆ

ನಮ್ಮ ಕಡೆ ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಮಾಡುವ ಕೆಲಸ ಒಂದಿದೆ. ಕೊಡದಲ್ಲಿ ನಿನ್ನೆಯ ನೀರು ಎಷ್ಟೇ ಉಳಿದಿರಲಿ, ಹೊರಗೆ ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರು ತರುವುದು. ರಾತ್ರಿ ಕಳೆದ ನೀರು ತಂಗಳು. ಬಂದವರಿಗೆ ಅದನ್ನು ಕುಡಿಯಲು ಕೊಟ್ಟರೆ ಮನೆಯ ಮರ್ಯಾದೆ ಹೋದ ಹಾಗೆ. ನನ್ನ ಅಮ್ಮ ಚೆಲ್ಲುತ್ತಿದ್ದಳು, ಹೆಂಡತಿ ಚೆಲ್ಲುತ್ತಾಳೆ, ಕೊಡಚಾದ್ರಿ ಹತ್ತಲು ಬರುವ ಜನಕ್ಕೆ ಇಪ್ಪತ್ತು ವರ್ಷದಿಂದ ದಾರಿ ತೋರಿಸಿ ಅಡುಗೆ ಮಾಡಿ ಹಾಕುವ ನಾನೂ ಚೆಲ್ಲುತ್ತೇನೆ. ಯಾರೂ ಯೋಚನೆ ಮಾಡಿ ಚೆಲ್ಲುವುದಿಲ್ಲ. ಕೈ ತಾನೇ ಮಾಡುತ್ತದೆ.

ಲಡಾಖಿನ ಒಣ ಬೆಟ್ಟಗಳ ನಡುವೆ, ನಡಿಗೆಯ ನಾಲ್ಕನೇ ದಿನ ಬೆಳಿಗ್ಗೆ, ನನ್ನ ಕೈ ಅದನ್ನೇ ಮಾಡಿತು. ಚೆಲ್ಲಿದ್ದು ಮೂರು ಕ್ಯಾನು ನೀರು. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಆಮೇಲೆ ನನ್ನ ಬಾಯಿ ಮಾಡಿದ ಕೆಲಸಕ್ಕೆ ಬರೆಯುತ್ತಿದ್ದೇನೆ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ತೀರ್ಥಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರು. ಅವರದೊಂದು ಆರು ಜನರ ನಡಿಗೆಯ ಗುಂಪು. ಅದರಲ್ಲಿ ಸಾಗರದ ಒಬ್ಬ ಮೇಡಂ ಇದ್ದರು, ಬ್ಯಾಂಕಿನಿಂದ ನಿವೃತ್ತರಾದವರು. ಉಳಿದ ನಾಲ್ವರು ಇವರಿಬ್ಬರ ಸ್ನೇಹಿತರು. ಕವಲೇದುರ್ಗ, ಕೊಡಚಾದ್ರಿ, ಜೋಗದ ಕೆಳಗಿನ ಕಣಿವೆ, ಎಲ್ಲ ಕಡೆಯೂ ಇವರಿಗೆ ನಾನೇ ಅಡುಗೆಯವನು. ಲಡಾಖಿಗೆ ಹೊರಟಾಗ ಮೇಷ್ಟ್ರು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದರು.

"ಅಲ್ಲಿ ಬೆಳಿಗ್ಗೆ ಸಂಜೆ ಮ್ಯಾಗಿ ಬೇಯಿಸಿ ಹಾಕ್ತಾರಂತೆ. ನಮ್ಮ ಹೊಟ್ಟೆಗೆ ಅದು ಆಗಲ್ಲ ಮಾರಾಯ. ನೀನೇ ಬಾ."

"ಅಲ್ಲಿಯ ಗುಡ್ಡ ನಂಗೆ ಗೊತ್ತಿಲ್ಲ ಸಾರ್."

"ಗುಡ್ಡ ಎಲ್ಲಿದ್ರೂ ಗುಡ್ಡವೇ. ನಿಂಗೆ ಗುಡ್ಡ ಹತ್ತೋದು ಕಲಿಸಬೇಕನಾ?"

ಆ ಮಾತು ನನಗೆ ಹಿಡಿಸಿತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಓದಿದವರ ನಡುವೆ ತಲೆ ಎತ್ತಿ ನಿಲ್ಲುವುದು ನನಗೆ ಗುಡ್ಡದ ಮೇಲೆ ಮಾತ್ರ. ಹತ್ತು ಕಿಲೋ ಕೆಂಪಕ್ಕಿ, ಹುಳಿಪುಡಿ, ಮಿಡಿ ಉಪ್ಪಿನಕಾಯಿ, ಬೆಲ್ಲ, ಅವಲಕ್ಕಿ ಕಟ್ಟಿಕೊಂಡು ಹೊರಟೆ.

ಅಲ್ಲಿ ಡೇರೆ, ಪಾತ್ರೆ, ಸೀಮೆಎಣ್ಣೆ ಸ್ಟೌವು, ಆರು ಹೇಸರಗತ್ತೆ ಎಲ್ಲವನ್ನೂ ಲೇಹ್‌ನ ಒಬ್ಬ ಏಜೆಂಟ್ ಒದಗಿಸಿದ್ದ. ಹೇಸರಗತ್ತೆಗಳ ಜೊತೆ ಅವುಗಳ ಯಜಮಾನರು ಒಬ್ಬರೇ ಬಂದರು. ಕುದುರೆ ಒಂದೂ ಇಲ್ಲದಿದ್ದರೂ ಅಲ್ಲಿ ಅವರನ್ನು ಕುದುರೆಯವರು ಎಂದೇ ಕರೆಯುತ್ತಾರೆ. ನನಗಿಂತ ಹತ್ತು ವರ್ಷ ದೊಡ್ಡವರು. ದಾರಿ ಗೊತ್ತಿದ್ದದ್ದು ಅವರಿಗೆ ಮಾತ್ರ. ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಹಿಂದಿ. ನನ್ನದು ಜೋಗದ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಪ್ರವಾಸಿಗಳಿಂದ ಕಲಿತದ್ದು, ಅವರದು ಮಿಲಿಟರಿಗೆ ಸಾಮಾನು ಸಾಗಿಸುತ್ತ ಕಲಿತದ್ದು. ಎರಡೂ ಕುಂಟು ಹಿಂದಿ, ಹಾಗಾಗಿ ಸರಿಹೋಗುತ್ತಿತ್ತು.

ಆರು ದಿನದ ದಾರಿ. ನೆರಳು ಅಂತ ಬೇಕಾದರೆ ಬಂಡೆಯದೇ ನೆರಳು, ಮರ ಒಂದೂ ಇಲ್ಲ. ಬೆಟ್ಟಗಳು ಚರ್ಮ ಸುಲಿದು ಒಣಗಲು ಹಾಕಿದ ಹಾಗೆ, ಒಂದು ಕಂದು, ಒಂದು ಬೂದಿ, ಒಂದು ನೇರಳೆ. ಬೆವರು ಬಂದದ್ದೇ ತಿಳಿಯುವುದಿಲ್ಲ, ಬರುವಾಗಲೇ ಒಣಗುತ್ತದೆ. ಸಂಜೆ ಅಂಗಿ ತೆಗೆದರೆ ಬೆನ್ನಿನ ಮೇಲೆ ಉಪ್ಪಿನ ಗೆರೆ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ ಆದರೆ ಅಕ್ಕಿ ಬೇಯುವುದಿಲ್ಲ. ಮೊದಲ ದಿನ ನನ್ನ ಕೆಂಪಕ್ಕಿ ಕುಕ್ಕರಿನಿಂದ ಕಲ್ಲಿನ ಹಾಗೆ ಹೊರಗೆ ಬಂತು. ಎರಡನೇ ದಿನದಿಂದ ಮೂರು ಗಂಟೆ ಮೊದಲೇ ನೆನೆಹಾಕಿ, ಹನ್ನೆರಡು ಸೀಟಿ ಹೊಡೆಸಿದೆ. ಅನ್ನ ಆಯಿತು. ಮೇಡಂ ತಟ್ಟೆ ಹಿಡಿದು, "ಬ್ಯಾಂಕಲ್ಲಿ ಇದ್ದಾಗ ನಿನ್ನಂಥವನು ಒಬ್ಬ ಇದ್ದಿದ್ರೆ ಬ್ರಾಂಚೇ ಉದ್ಧಾರ ಆಗ್ತಿತ್ತು" ಎಂದರು. ನನ್ನ ಎದೆ ಉಬ್ಬಿತು.

ಮೂರನೇ ದಿನ ಮಧ್ಯಾಹ್ನ ಕುದುರೆಯವರು ನನ್ನ ಜೊತೆ ಕೂತು ಆಲೂಗಡ್ಡೆ ಸುಲಿಯುತ್ತ ತಮ್ಮ ಕಥೆ ಹೇಳಿದರು. ಕೆಲಸ ಇರುವುದು ವರ್ಷಕ್ಕೆ ನಾಲ್ಕು ತಿಂಗಳು. ಉಳಿದ ಕಾಲ ಹಿಮ. ಏಜೆಂಟ್ ಫೋನು ಮಾಡಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. "ಗಿರಾಕಿ ಒಂದು ಸಲ ದೂರು ಬರೆದರೆ ಮುಗೀತು. ನನ್ನ ಹಿಂದೆ ಹತ್ತು ಜನ ನಿಂತಿದ್ದಾರೆ" ಎಂದರು. ಹೇಳಿ, ಸುಲಿದ ಸಿಪ್ಪೆಯನ್ನೆಲ್ಲ ಬಾಚಿಕೊಂಡು ತಮ್ಮ ಮುದಿ ಹೇಸರಗತ್ತೆಗೆ ತಿನ್ನಿಸಲು ಎದ್ದರು. ಅದು ಹೆಣ್ಣು. ಅವರು ಅದನ್ನು ಬುಡ್ಢಿ, ಅಂದರೆ ಮುದುಕಿ ಎಂದು ಕರೆಯುತ್ತಿದ್ದರು. ಅದರ ಹಿಂಗಾಲಿಗೆ ಕಲ್ಲು ತಾಗಿ ಊದಿತ್ತು. ಉಳಿದ ಐದನ್ನು ಮೇಯಲು ಮೇಲೆ ಅಟ್ಟಿ ಬುಡ್ಢಿಯನ್ನು ಮಾತ್ರ ಅಡುಗೆ ಡೇರೆಯ ಹತ್ತಿರವೇ ಕಟ್ಟುತ್ತಿದ್ದರು.

ಆ ದಿನ ಡೇರೆ ಹಾಕಿದ ಜಾಗದಲ್ಲಿ ಹಳ್ಳ ಇತ್ತು. ಸಣ್ಣದಲ್ಲ, ಒಳ್ಳೆ ಸದ್ದು ಮಾಡುವ ಹಳ್ಳ. ಸಂಜೆ ಐದರ ಹೊತ್ತಿಗೆ ಮೊಣಕಾಲಿನ ತನಕ ನೀರು. ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು. ಕುದುರೆಯವರು ನನ್ನನ್ನು ಕೇಳದೆ ಹತ್ತು ಲೀಟರಿನ ಮೂರು ಕ್ಯಾನು ತುಂಬಿಸಿ ತಂದು, ಮುಚ್ಚಳ ಬಿಗಿ ಮಾಡಿ, ಅಡುಗೆ ಡೇರೆಯ ಬಾಗಿಲಲ್ಲಿ ಇಟ್ಟರು.

"ಇದು ನಾಳೆಗೆ. ರಾತ್ರಿ ಮೇಲೆ ಹಿಮ ಗಟ್ಟಿಯಾಗುತ್ತೆ, ಹಳ್ಳ ಮಲಗುತ್ತೆ. ಎದ್ದೇಳೋದು ಮಧ್ಯಾಹ್ನ ಎರಡಕ್ಕೆ. ನಾಳೆ ಘಟ್ಟ ದಾಟಿ ಸಂಜೆ ತನಕ ಬೇರೆ ನೀರಿಲ್ಲ."

ಅವರು ಹೇಳಿದ್ದು ನನಗೆ ಸರಿಯಾಗಿಯೇ ಕೇಳಿಸಿತು, ತಿಳಿಯಿತು ಕೂಡ. ಆದರೆ ತಲೆಯೊಳಗೆ ಹೋಗಲಿಲ್ಲ. ಹಳ್ಳ ಮಲಗುತ್ತದಂತೆ! ಎಂದು ಒಳಗೇ ನಕ್ಕೆ. ಹಳ್ಳದ ದಂಡೆಯಲ್ಲೇ ಹುಟ್ಟಿ ಬೆಳೆದವನಿಗೆ ಹಳ್ಳದ ಪಾಠ.

"ಆಯ್ತು ಆಯ್ತು" ಎಂದು, ಅಕ್ಕಿ ತೊಳೆಯಲು ಕೂತೆ. ಅಡುಗೆ ಡೇರೆಯ ಹಿಂದೆ ಒಂದು ಚಪ್ಪಟೆ ಬಂಡೆ ಇತ್ತು, ನಡುವೆ ಪರಾತದ ಹಾಗೆ ತಗ್ಗು. ಅಲ್ಲೇ ತೊಳೆದೆ. ಒಂದಿಷ್ಟು ಕೆಂಪಕ್ಕಿ ಕಾಳು ಜಾರಿ ಬಂಡೆಯ ಮೇಲೆ ಬಿತ್ತು. ಕೈ ಮರಗಟ್ಟುವಷ್ಟು ಚಳಿ, ಹೆಕ್ಕಲಿಲ್ಲ.

ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರ. ಎಲ್ಲರೂ ಮಲಗಿದ್ದರು. ಕುದುರೆಯವರು ಮೇಯಲು ಬಿಟ್ಟ ಹೇಸರಗತ್ತೆಗಳನ್ನು ಹುಡುಕಿಕೊಂಡು ಆಗಲೇ ಮೇಲೆ ಹೋಗಿದ್ದರು. ನಾನು ಮೊದಲ ಕ್ಯಾನಿನ ಮುಚ್ಚಳ ತಿರುಗಿಸಿದೆ, ಒಳಗೆ ತೆಳ್ಳಗೆ ಐಸು ಕಟ್ಟಿತ್ತು. ಬಂಡೆಯ ಮೇಲೆ ಬಗ್ಗಿಸಿದೆ. ಎರಡನೆಯದು. ಮೂರನೆಯದು. ತಳಕ್ಕೆ ಸ್ವಲ್ಪ ನೀರು ಬಿಟ್ಟು ಕುಲುಕಿ, ಅದನ್ನೂ ಚೆಲ್ಲಿದೆ. ಮೂರೂ ಖಾಲಿ ಕ್ಯಾನು ಎತ್ತಿಕೊಂಡು ಹಳ್ಳಕ್ಕೆ ಹೊರಟೆ. ಹತ್ತು ಹೆಜ್ಜೆ ಇಟ್ಟ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಏನು ಎಂದು ತಿಳಿಯಲು ಇನ್ನೂ ಹತ್ತು ಹೆಜ್ಜೆ ಬೇಕಾಯಿತು. ಸದ್ದಿಲ್ಲ.

ಹಳ್ಳ ಇದ್ದ ಜಾಗದಲ್ಲಿ ಕಲ್ಲು ಮಾತ್ರ ಇತ್ತು. ಕಲ್ಲಿನ ಸಂದಿಯಲ್ಲಿ ಬಿಳಿ ಐಸಿನ ಗೆರೆ. ಬೆರಳು ಹಾಕಿ ಕೆರೆದು ನೋಡಿದೆ, ಕೆಳಗೆ ಒದ್ದೆ ಮರಳು. ಹಳ್ಳದಗುಂಟ ಮೇಲೆ ನೂರು ಮಾರು ಓಡಿದೆ, ಕೆಳಗೆ ನೂರು ಮಾರು ಓಡಿದೆ. ಆ ಎತ್ತರದಲ್ಲಿ ಓಡಿದರೆ ಉಸಿರು ಹೊರಗೇ ನಿಲ್ಲುತ್ತದೆ. ಕೂತು ಏದುಸಿರು ಬಿಟ್ಟೆ. ವಾಪಸು ಬಂದಾಗ ಬಂಡೆಯ ತಗ್ಗಿನಲ್ಲಿ ನಾನು ಚೆಲ್ಲಿದ ನೀರು ಆಗಲೇ ಕೆನೆ ಕಟ್ಟಲು ಹತ್ತಿತ್ತು. ಮುಕ್ಕಾಲು ಭಾಗ ಬಂಡೆಯಿಂದ ಇಳಿದು ಮರಳಿಗೆ ಸೇರಿತ್ತು. ಕುಡಿಯಲು ಉಳಿದದ್ದು ರಾತ್ರಿ ಬಿಸಿನೀರು ತುಂಬಿಟ್ಟ ಎರಡು ಫ್ಲಾಸ್ಕು ಮತ್ತು ಅವರವರ ಬಾಟಲಿಯ ತಳದಲ್ಲಿ ಇದ್ದಷ್ಟು.

ಅಷ್ಟು ಹೊತ್ತಿಗೆ ಮೇಷ್ಟ್ರು ಡೇರೆಯಿಂದ ತಲೆ ಹೊರಗೆ ಹಾಕಿದರು. "ಟೀ ಆಯ್ತಾ ಮಾರಾಯ?"

ಆಗ ಹೇಳಬಹುದಿತ್ತು. ಇಪ್ಪತ್ತು ವರ್ಷದ ಪರಿಚಯ, ಬೈದರೂ ನಕ್ಕುಬಿಡುವ ಮನುಷ್ಯ. ಆದರೆ ಗುಡ್ಡದ ಮೇಲೆ ನೀರು ಚೆಲ್ಲಿದ ಅಡುಗೆಯವನು ಎಂದು ಅವರು ತೀರ್ಥಹಳ್ಳಿಯಲ್ಲಿ ಎಲ್ಲರೆದುರು ಹೇಳಿ ನಗುವುದು ನನ್ನ ಕಣ್ಣಿಗೆ ಬಂತು. ಪಕ್ಕದಲ್ಲಿ ಬುಡ್ಢಿ ಮೂರು ಕಾಲಿನ ಮೇಲೆ ನಿಂತಿತ್ತು.

"ನೀರು ಹೋಯ್ತು ಸಾರ್" ಎಂದೆ. "ಈ ಮುದಿ ಹೇಸರಗತ್ತೆ ಕ್ಯಾನು ಒದ್ದು ಬೀಳಿಸಿದೆ. ಮುಚ್ಚಳವೂ ಸಡಿಲ ಇತ್ತು. ಅವನು ಸರಿಯಾಗಿ ಹಾಕಿರಲಿಲ್ಲ."

ಒಂದು ಸುಳ್ಳು ಸಾಕಿತ್ತು. ಎರಡು ಹೇಳಿದೆ.

ಕುದುರೆಯವರು ಐದು ಹೇಸರಗತ್ತೆ ಹೊಡೆದುಕೊಂಡು ಬಂದಾಗ ಮೇಷ್ಟ್ರು ದಾರಿಯಲ್ಲೇ ಅವರನ್ನು ನಿಲ್ಲಿಸಿ ಬೈದರು. ಮೇಷ್ಟ್ರ ಹಿಂದಿ ಪುಸ್ತಕದ ಹಿಂದಿ, ಬೈಗುಳ ಸ್ಪಷ್ಟವಾಗಿ ತಲುಪುತ್ತದೆ. ಎಂಟು ಜನರ ಜೀವದ ಜೊತೆ ಆಟವೇ, ಒಂದು ಮುಚ್ಚಳ ಹಾಕಲು ಬರುವುದಿಲ್ಲವೇ, ಒದೆಯುವ ಪ್ರಾಣಿಯನ್ನು ಅಡುಗೆಯ ಹತ್ತಿರ ಕಟ್ಟುತ್ತಾರೆಯೇ. ಕುದುರೆಯವರು ಕ್ಯಾನು ಎತ್ತಿ ಮುಚ್ಚಳದ ಸುತ್ತು ನೋಡಿದರು. ಬುಡ್ಢಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಇವಳು ಒದೆಯೋದಿಲ್ಲ" ಎಂದರು. ಅಷ್ಟೇ.

ಆಮೇಲೆ ಮೇಷ್ಟ್ರಿಗೆ ಹೇಳಿದರು: "ಇವತ್ತು ಇಲ್ಲೇ ಇರೋಣ. ಎರಡಕ್ಕೆ ಹಳ್ಳ ಬರುತ್ತೆ. ತುಂಬಿಸಿಕೊಂಡು ನಾಳೆ ಹೋಗೋಣ. ಒಂದು ದಿನ ಹೆಚ್ಚಿಗೆ ಇದೆಯಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀ ಎಂತ ಹೇಳ್ತೀಯ?"

ನಾನು ಹೋಗೋಣ ಎಂದೆ. "ಎರಡು ಫ್ಲಾಸ್ಕು ಇದೆ ಸಾರ್. ಘಟ್ಟದ ಆ ಕಡೆ ಇಳಿದ ಮೇಲೆ ಎಲ್ಲಾದ್ರೂ ಒರತೆ ಇರದೇ ಇರ್ತದಾ? ಗುಡ್ಡ ಅಂದ್ಮೇಲೆ ನೀರು ಇದ್ದೇ ಇರ್ತದೆ."

ಬಾಯಲ್ಲಿ ಹೇಳಿದ ಕಾರಣ ಅದು. ಮನಸ್ಸಿನಲ್ಲಿ ಇದ್ದದ್ದು ಬೇರೆ. ಎರಡು ಗಂಟೆಯ ತನಕ ಅಲ್ಲಿದ್ದರೆ ಆರೂ ಜನ ಮಾಡಲು ಕೆಲಸವಿಲ್ಲದೆ ಅಡುಗೆ ಡೇರೆಯ ಸುತ್ತ ಕೂರುತ್ತಾರೆ. ಹಿಂದಿನ ಬಂಡೆ ನೋಡುತ್ತಾರೆ. ಕ್ಯಾನು ಇಟ್ಟಿದ್ದದ್ದು ಡೇರೆಯ ಮುಂದೆ, ಬುಡ್ಢಿ ಕಟ್ಟಿದ್ದದ್ದು ಮುಂದೆ, ನೀರು ಚೆಲ್ಲಿದ್ದು ಹಿಂದೆ. ಲೆಕ್ಕ ಹಾಕಲು ಬ್ಯಾಂಕಿನವರು ಬೇಕಾಗಿಲ್ಲ.

"ಇವನು ಹೇಳಿದ ಮೇಲೆ ಸರಿ. ಗುಡ್ಡ ಬಲ್ಲವನು" ಎಂದರು ಮೇಷ್ಟ್ರು.

ಅರ್ಧರ್ಧ ಲೋಟ ಟೀ ಮಾಡಿದೆ. ಒಣ ಅವಲಕ್ಕಿಗೆ ಬೆಲ್ಲ ಕಲಸಿ ಕೊಟ್ಟೆ. ಉಳಿದದ್ದನ್ನು ಬಾಟಲಿಗಳಿಗೆ ಹಂಚಿದೆ, ಒಬ್ಬೊಬ್ಬರಿಗೆ ಅರ್ಧ ಬಾಟಲಿಯೂ ಬರಲಿಲ್ಲ. ಡೇರೆ ಕಿತ್ತೆವು. ಕುದುರೆಯವರು ಬಂಡೆಯ ಹತ್ತಿರ ಕೂತು ಸುತ್ತಿಗೆಯಲ್ಲಿ ಏನೋ ಕುಟ್ಟುತ್ತಿದ್ದರು. ಡೇರೆಯ ಗೂಟ ಕೀಳುತ್ತಿದ್ದಾರೆ ಎಂದುಕೊಂಡೆ. ಆ ಕಡೆ ನೋಡುವ ಧೈರ್ಯ ನನಗೆ ಇರಲಿಲ್ಲ.

ಘಟ್ಟ ಹತ್ತಲು ನಾಲ್ಕೂವರೆ ಗಂಟೆ. ಇಪ್ಪತ್ತು ಹೆಜ್ಜೆ, ನಿಲ್ಲು, ಉಸಿರು, ಮತ್ತೆ ಇಪ್ಪತ್ತು ಹೆಜ್ಜೆ. ಬೇರೆ ದಿನ ಕುದುರೆಯವರು ಹೇಸರಗತ್ತೆಗಳ ಜೊತೆ ನಮ್ಮನ್ನು ದಾಟಿ ಮುಂದೆ ಹೋಗಿ, ನಾವು ತಲುಪುವ ಮೊದಲೇ ಸಾಮಾನು ಇಳಿಸಿರುತ್ತಿದ್ದರು. ಆ ದಿನ ಮಾತ್ರ ಹಿಂದೆಯೇ ಬರುತ್ತಿದ್ದರು, ನೂರು ಇನ್ನೂರು ಮಾರು ಹಿಂದೆ, ನಾವು ನಿಂತರೆ ನಿಲ್ಲುತ್ತ. "ಇವತ್ತೇ ಇವನಿಗೆ ನಿಧಾನ ಬಂತು ನೋಡಿ" ಎಂದು ನಾನು ಅವರಿಗೂ ಕೇಳುವ ಹಾಗೆ ಹಿಂದಿಯಲ್ಲೇ ಕೂಗಿ ಹೇಳಿದೆ.

ಘಟ್ಟದ ತುದಿಯಲ್ಲಿ ನಿಂತು ಆ ಕಡೆ ನೋಡಿದಾಗ ನನಗೆ ಜೀವ ಬಂತು. ಕೆಳಗೆ, ಕಣಿವೆಯ ತಳದಲ್ಲಿ, ಉದ್ದಕ್ಕೆ ಹಸಿರು ಪಟ್ಟಿ.

"ನೋಡಿ ಸಾರ್! ಹೇಳಲಿಲ್ವಾ? ಹಸಿರು ಇದ್ದ ಮೇಲೆ ನೀರು ಇಲ್ದೇ ಇರ್ತದಾ?"

ಎಲ್ಲರೂ ಉಳಿದ ನೀರು ಕುಡಿದು ಮುಗಿಸಿದರು. ನಾನೇ ಕುಡಿಯಲು ಹೇಳಿದೆ. ಕುದುರೆಯವರು ಹಿಂದಿನಿಂದ ಕೂಗಿ ಏನೋ ಹೇಳಿದರು, ಗಾಳಿಯಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ನಿಲ್ಲಲೂ ಇಲ್ಲ.

ಇಳಿಯಲು ಎರಡು ಗಂಟೆ. ಜಾರುವ ಸಣ್ಣ ಕಲ್ಲು, ಎರಡೂ ಬದಿಯ ಗೋಡೆಯಿಂದ ಬಿಸಿ. ತಳ ಮುಟ್ಟಿದಾಗ ಹಸಿರು ಅಲ್ಲೇ ಇತ್ತು. ಕೈಯಲ್ಲಿ ಎತ್ತಿಕೊಂಡು ನೋಡಿದೆ. ಕಲ್ಲು. ಅಲ್ಲಿಯ ಬೆಟ್ಟಗಳಿಗೆ ನೇರಳೆ, ಕಂದು ಇದ್ದ ಹಾಗೆ ಹಸಿರು ಬಣ್ಣವೂ ಇರುತ್ತದೆ. ಹಾಳೆ ಹಾಳೆಯಾಗಿ ಒಡೆಯುವ ಪಾಚಿ ಬಣ್ಣದ ಕಲ್ಲು, ಕಣಿವೆಯ ಉದ್ದಕ್ಕೂ. ಹುಟ್ಟಿದಾಗಿನಿಂದ ನನ್ನ ಕಣ್ಣಿಗೆ ಹಸಿರು ಅಂದರೆ ಒಂದೇ ಅರ್ಥ ಇತ್ತು.

  ಹಳ್ಳ ಹರಿದ ಗುರುತಿದ್ದ ಕಡೆ ಕೂತು, ಊಟದ ತಟ್ಟೆಯಲ್ಲಿ ಮರಳು ತೋಡಿದೆ. ನಮ್ಮಲ್ಲಿ ಬೇಸಿಗೆಯ ಕೊನೆಗೂ ಮೊಳ ತೋಡಿದರೆ ನೀರು ಒಸರುತ್ತದೆ. ಇಲ್ಲಿ ಮೊಣಕೈಯ ತನಕ ತೋಡಿದೆ, ಭುಜದ ತನಕ ತೋಡಿದೆ. ಕೆಳಗಿನ ಮರಳು ಮೇಲಿನದರಷ್ಟು ಬಿಸಿಯಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೇಡಂ ಬಂಡೆಯ ನೆರಳಿಗೆ ಹೋಗುತ್ತ ಹೋಗುತ್ತ ಮಂಡಿಯೂರಿದರು. ಬೆಳಗಿನ ಅವಲಕ್ಕಿ ವಾಂತಿಯಾಯಿತು. ಮುಖ ಬಿಳಿಚಿಕೊಂಡಿತ್ತು, ತುಟಿ ಒಡೆದಿತ್ತು. ನಮ್ಮ ಜೊತೆ ಎಲ್ಲರ ಹಾಗೆ ಮಾತಾಡುವವರು, ಆಗ ಮಾತ್ರ ಅವರ ಬಾಯಲ್ಲಿ ಮನೆಯ ಹವ್ಯಕ ಮಾತು ಬಂತು, ತನಗೇನೂ ಆಗಿಲ್ಲ ಎಂದು.

"ಎಂಗೆ ಎಂತೂ ಆಜಿಲ್ಲೆ. ಇನ್ನು ಎಷ್ಟು ದೂರ ಇದ್ದು?"

ಕುದುರೆಯವರು ಹೇಳಿದ್ದ ಲೆಕ್ಕದಲ್ಲಿ ಮುಂದಿನ ನೀರು ಇನ್ನೂ ನಾಲ್ಕು ಗಂಟೆ ದೂರ ಇತ್ತು. ನಾನು ಹೇಳಲಿಲ್ಲ. ಮೇಷ್ಟ್ರು ಟೋಪಿಯಿಂದ ಗಾಳಿ ಹಾಕುತ್ತ, "ಮಾತಾಡಬೇಡಿ, ಸುಮ್ನಿರಿ" ಎನ್ನುತ್ತಿದ್ದರು.  ಮೇಡಂ ಕಣ್ಣು ಮುಚ್ಚಿದರು. ಈ ಹೆಂಗಸು ಇಲ್ಲೇ ಸತ್ತರೆ ಕೊಂದವನು ನಾನು ಎಂದು ಆಗ ಗೊತ್ತಾಯಿತು. ಗೊತ್ತಾದರೂ ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ನಡೆದದ್ದು ಹಾಗೆಯೇ.

ಕುದುರೆಯವರು ಬಂದರು. ಯಾರ ಮುಖವನ್ನೂ ನೋಡದೆ ಬುಡ್ಢಿಯ ಬೆನ್ನಿನಿಂದ ಕಂಬಳಿ ಸುತ್ತಿದ ಗಂಟು ಇಳಿಸಿದರು. ಕಂಬಳಿಯೊಳಗೆ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಅರ್ಧ ಕರಗಿದ ಐಸಿನ ಚಕ್ಕೆಗಳು.

"ಸ್ಟೌವು ಹಚ್ಚು" ಎಂದರು ನನಗೆ.

ಹಚ್ಚಿದೆ. ಗಾಳಿಗೆ ಅಡ್ಡ ಕೂತು ಪಂಪು ಹೊಡೆದೆ. ಅವರು ಐಸು ಪಾತ್ರೆಗೆ ಹಾಕಿದರು. ಕರಗಿದ ನೀರು ಮರಳು ಬೆರೆತು ಬೂದಿ ಬಣ್ಣ. "ಸೋಸು" ಎಂದರು. ಹೆಗಲ ಮೇಲಿನ ಟವೆಲನ್ನು ಇನ್ನೊಂದು ಪಾತ್ರೆಯ ಬಾಯಿಗೆ ಹಿಡಿದೆ. ನೀರು ಇಳಿಯಿತು. ಟವೆಲಿನ ಮೇಲೆ ಮರಳು, ಒಂದಿಷ್ಟು ಟೀ ಸೊಪ್ಪು, ಮತ್ತು ಹತ್ತು ಹನ್ನೆರಡು ಕೆಂಪಕ್ಕಿ ಕಾಳು.

ಲಡಾಖಿನ ಯಾವ ಬೆಟ್ಟದ ಮೇಲೂ ಹೊಸನಗರದ ಕೆಂಪಕ್ಕಿ ಬಿದ್ದಿರುವುದಿಲ್ಲ. ಬಂಡೆಯ ಹತ್ತಿರ ಸುತ್ತಿಗೆಯಿಂದ ಅವರು ಕುಟ್ಟುತ್ತಿದ್ದದ್ದು ಏನೆಂದು ತಿಳಿಯಿತು. ದಿನವೆಲ್ಲ ನಮ್ಮ ಹಿಂದೆ ನಿಧಾನವಾಗಿ ಬಂದದ್ದು ಏಕೆಂದು ತಿಳಿಯಿತು. ತಲೆ ಎತ್ತಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ, ಟವೆಲಿನ ಮೇಲಿದ್ದ ಕಾಳು, ಮರಳು ಎಲ್ಲವನ್ನೂ ಕೊಡವಿ ನೆಲಕ್ಕೆ ಹಾಕಿದರು.

ಮೇಡಂಗೆ ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆವು. ಎರಡು ಮೂರು ಲೀಟರು ಆಗಿರಬೇಕು, ಎಲ್ಲರಿಗೂ ಒಂದೊಂದು ಲೋಟ ಬಂತು. ನನಗೂ ಒಂದು ಲೋಟ ಚಾಚಿದರು. ಬೇಡ ಎಂದೆ. "ಕುಡಿ. ಬಿದ್ದರೆ ಹೊರೋದು ಯಾರು?" ಎಂದರು. ಕುಡಿದೆ.

"ಎಲ್ಲಿ ಸಿಕ್ತು?" ಮೇಷ್ಟ್ರು ಕೇಳಿದರು.

"ಮೇಲೆ ಐಸು ಇತ್ತು" ಎಂದರು ಕುದುರೆಯವರು.

ಒಂದು ಗಂಟೆ ಬಿಟ್ಟು ಮೇಡಂ ಎದ್ದರು. ಬುಡ್ಢಿ ಬಿಟ್ಟು ಬೇರೆ ಹೇಸರಗತ್ತೆಯ ಹೊರೆ ಹಂಚಿ ಅದರ ಮೇಲೆ ಅವರನ್ನು ಕೂರಿಸಿದೆವು. ಕತ್ತಲಾಗುವ ಹೊತ್ತಿಗೆ ಹೊಳೆ ಸಿಕ್ಕಿತು. ಎಲ್ಲರೂ ಹೊಳೆಗೆ ಇಳಿದು ಮುಖ ಮುಳುಗಿಸಿ ನಕ್ಕರು. ನಾನು ಅನ್ನಕ್ಕೆ ಇಟ್ಟೆ. ಆ ದಿನದ ಸಾರು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮರುದಿನವೂ ಹೇಳಲಿಲ್ಲ. ಇಡೀ ದಿನ ನಡೆಯುತ್ತ ಕನ್ನಡದಲ್ಲಿ ಮಾತು ಜೋಡಿಸಿದೆ, ಹಿಂದಿಯಲ್ಲಿ ಜೋಡಿಸಿದೆ. ಕುದುರೆಯವರು ಹತ್ತಿರ ಬಂದರೆ ಈರುಳ್ಳಿ ಹೆಚ್ಚಲು ಬಗ್ಗುತ್ತಿದ್ದೆ.

ಆರನೇ ದಿನ ರಸ್ತೆ ಮುಟ್ಟಿದೆವು. ಹೊಳೆಯ ದಂಡೆಯ ಒಂದು ಊರು, ಜೀಪು ಬರುವುದು ಅಲ್ಲಿಗೆ. ಜೀಪಿಗೆ ಕಾಯುತ್ತ ಮೇಷ್ಟ್ರು ತಮ್ಮ ಡೈರಿಯಿಂದ ಹಾಳೆ ಹರಿದು ಇಂಗ್ಲಿಷಿನಲ್ಲಿ ಏನೋ ಬರೆದರು. ಬರೆದು ನನ್ನನ್ನು ಕರೆದರು.

"ಏಜೆಂಟಿಗೆ ಕೊಡೋಕೆ. ಮಧ್ಯಾಹ್ನ ಐಸು ತಂದು ಕೊಟ್ಟ, ಅದನ್ನೂ ಬರೆದಿದ್ದೀನಿ, ಅನ್ಯಾಯ ಮಾಡಬಾರದು. ಆದ್ರೆ ಬೆಳಿಗ್ಗೆ ಮಾಡಿದ ಅಜಾಗರೂಕತೆ ಸಣ್ಣದಲ್ಲ. ಮೇಡಂ ಹೋಗಿಬಿಡ್ತಿದ್ರು. ಇಂಥವನಿಗೆ ಇನ್ನು ಕೆಲಸ ಕೊಡಬೇಡಿ ಅಂತ ಬರೆದಿದ್ದೀನಿ. ನೀನು ಕಣ್ಣಾರೆ ಕಂಡವನು. ಇಲ್ಲಿ ಒಂದು ಸೈನ್ ಹಾಕು."

ನನ್ನ ಸಹಿಯ ಬಗ್ಗೆ ನನಗೆ ಒಂದು ಹೆಮ್ಮೆ ಇದೆ. ಹೆಚ್ಚು ಓದದಿದ್ದರೂ ಅಕ್ಷರ ಚೆಂದ, ಪಂಚಾಯಿತಿಯವರೂ ಹೇಳುತ್ತಾರೆ. ಪೆನ್ನು ತೆಗೆದುಕೊಂಡೆ. ಮೊದಲ ಅಕ್ಷರ ಬರೆದೆ. ನಾಲ್ಕು ತಿಂಗಳ ಕೆಲಸ, ಹಿಂದೆ ನಿಂತ ಹತ್ತು ಜನ, ಆಲೂಗಡ್ಡೆ ಸಿಪ್ಪೆ ತುಂಬಿದ ಅವರ ಬೊಗಸೆ, ಎಲ್ಲ ಆ ಹಾಳೆಯ ಮೇಲೆ ಬಂದು ಕೂತ ಹಾಗಾಯಿತು. ಎರಡನೇ ಅಕ್ಷರಕ್ಕೆ ಕೈ ಹೋಗಲಿಲ್ಲ.

"ಹೇಸರಗತ್ತೆ ಒದೀಲಿಲ್ಲ ಸಾರ್."

"ಎಂಥದು?"

"ನಾನು ಚೆಲ್ಲಿದ್ದು. ತಂಗಳು ನೀರು ಅಂತ. ಮೂರು ಕ್ಯಾನೂ. ಅವ್ರು ನಾಳೆಗೆ ಅಂತ ಹೇಳೇ ಇಟ್ಟಿದ್ರು. ಐಸು ಕಟ್ಟಿದ್ದೂ ಅದೇ ನೀರು."

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದರು.

"ನಾನು ಆ ಮನುಷ್ಯನಿಗೆ ಆರು ಜನರ ಎದುರು ಬೈದೆ. ನಿನ್ನ ಮಾತು ನಂಬಿ ಬೈದೆ."

"ಹೌದು ಸಾರ್."

"ಎರಡು ದಿನ ಅವನ ಎದುರು ಕೂತು ಊಟ ಬಡಿಸಿದೆ ನೀನು."

"ಹೌದು ಸಾರ್."

ಮೇಡಂ ಹತ್ತಿರದಲ್ಲೇ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಆವತ್ತು ಬೆಳಿಗ್ಗೆನೇ ಹೇಳಿದ್ರೆ ಎಂತ ಆಗ್ತಿತ್ತು ಮಾರಾಯ?" ಎಂದರು. "ಎರಡು ಗಂಟೆ ತನಕ ಕೂತು ಇಸ್ಪೀಟು ಆಡ್ತಿದ್ವಿ. ಅಷ್ಟೇ ಅಲ್ದಾ?"

ನಾನು ಪೆನ್ನನ್ನು ಮೇಷ್ಟ್ರ ಡೈರಿಯ ಮೇಲೆ ಇಟ್ಟೆ. 

ಮೇಷ್ಟ್ರು ಹಾಳೆ ಹರಿದು ಜೇಬಿಗೆ ಹಾಕಿಕೊಂಡು ಕುದುರೆಯವರ ಹತ್ತಿರ ಹೋದರು. ಅವರು ಕೈ ಮುಗಿದದ್ದು ದೂರದಿಂದ ಕಂಡಿತು. ಕುದುರೆಯವರು ಅವರ ಕೈ ಹಿಡಿದು ಕೆಳಗೆ ಇಳಿಸಿದರು. ಮೇಷ್ಟ್ರು ವಾಪಸು ಬರುವಾಗ ನನ್ನನ್ನು ನೋಡದೆ ಹೇಳಿದರು: "ಹೋಗು. ನಿಂದು ನೀನೇ ಹೇಳ್ಬೇಕು."

ಕುದುರೆಯವರು ಬುಡ್ಢಿಯ ಕಾಲು ಮಡಿಸಿ ಹಿಡಿದು ಊತ ನೋಡುತ್ತಿದ್ದರು. ನಾನು ಜೋಡಿಸಿಟ್ಟ ಹಿಂದಿ ಒಂದೂ ನೆನಪಾಗಲಿಲ್ಲ. "ತಪ್ಪಾಯ್ತು" ಎಂದು ಕನ್ನಡದಲ್ಲೇ ಬಂತು, ಆಮೇಲೆ ಹಿಂದಿಯಲ್ಲಿ ಹೇಳಿದೆ. ಮೊದಲ ಸಲ ಬಹುವಚನದಲ್ಲಿ.

"ನಿಮಗೆ ಆವತ್ತೇ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಂಬೋರು ಯಾರು? ನೀನು ಅವರ ಊರಿನವನು." ಕಾಲು ಕೆಳಗೆ ಬಿಟ್ಟರು. "ಇನ್ನೂ ಎರಡು ದಿನ ಅವರು ನಿನ್ನ ಕೈಯ ಅನ್ನ ತಿನ್ನಬೇಕಿತ್ತು. ಸಿಟ್ಟು ಇರಲಿಲ್ಲ ಅಂತಲ್ಲ. ಘಟ್ಟದ ಮೇಲೆ ನನಗೆ ನಿಧಾನ ಬಂತು ಅಂದೆಯಲ್ಲ, ಆಗ ನಿನ್ನನ್ನು ತಳ್ಳಿಬಿಡೋಣ ಅನ್ನಿಸ್ತು. ಆಮೇಲೆ ಆಲೂಗಡ್ಡೆ ಸುಲಿಯೋರು ಯಾರು ಅಂತ ಬಿಟ್ಟೆ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನಗಲಿಲ್ಲ.

"ನನಗೆ ಯಾಕೆ ಹೇಳ್ತೀಯ? ಒದ್ದಳು ಅಂದದ್ದು ಇವಳನ್ನ."

ನಾನು ಬುಡ್ಢಿಯ ಎದುರು ನಿಂತೆ. ಜೀಪು ಬಂದಿತ್ತು, ಡ್ರೈವರ್ ಇಳಿದು ನಮ್ಮನ್ನೇ ನೋಡುತ್ತಿದ್ದ. ಆರು ಜನ ನೋಡುತ್ತಿದ್ದರು. ಕೈ ಮುಗಿಯಲು ಹೋದೆ.

"ಮಾತು ಅವಳಿಗೆ ತಿಳಿಯಲ್ಲ" ಎಂದರು ಕುದುರೆಯವರು. "ಆ ದಿನ ಬೆಳಿಗ್ಗೆಯಿಂದ ಕತ್ತಲಾಗೋ ತನಕ ಅವಳಿಗೂ ನೀರಿರಲಿಲ್ಲ. ಎಲ್ಲರ ನೀರು ಹೊತ್ತವಳು ಅವಳು. ಕುಡಿಸು."

ಹೊಳೆ ಕೆಳಗೆ, ದಂಡೆ ಕಡಿದು. ಕ್ಯಾನು ಹಿಡಿದು ಇಳಿದೆ, ತುಂಬಿಸಿ ಹತ್ತಿದೆ, ಪಾತ್ರೆಗೆ ಸುರಿದೆ. ಬುಡ್ಢಿ ಒಂದೇ ಉಸಿರಿಗೆ ಕುಡಿದು ತಲೆ ಎತ್ತಿ ನನ್ನ ಅಂಗಿಗೆ ಮೂತಿ ಒರೆಸಿತು. ಎರಡನೇ ಸಲ ಇಳಿದೆ, ಹತ್ತಿದೆ. ಅದನ್ನೂ ಕುಡಿಯಿತು. ಮೂರನೇ ಕ್ಯಾನು ತಂದಾಗ ಅರ್ಧ ಕುಡಿದು ಮುಖ ಆಚೆ ತಿರುಗಿಸಿತು.

ಕ್ಯಾನಿನಲ್ಲಿ ಇನ್ನರ್ಧ ಉಳಿದಿತ್ತು. ಜೀಪಿನ ಹಾರನ್ ಆಯಿತು. ಹೊರಡುವ ಅವಸರದಲ್ಲಿ ಕ್ಯಾನು ಎತ್ತಿದೆ. ಕೈ ತಾನಾಗಿ ಹೊರಳಿತು, ಕ್ಯಾನು ಓರೆಯಾಯಿತು, ಒಂದು ಗುಟುಕಿನಷ್ಟು ನೀರು ನೆಲಕ್ಕೆ ಬಿತ್ತು. ಒಣ ಮಣ್ಣು ಅದನ್ನು ತಕ್ಷಣ ಹೀರಿಕೊಂಡಿತು. ಅಲ್ಲಿಗೆ ಕೈ ಹಿಡಿದೆ.

ಕುದುರೆಯವರು ನೋಡುತ್ತಿದ್ದರು. 

ಕ್ಯಾನು ನೆಟ್ಟಗೆ ಇಟ್ಟೆ. ಮುಚ್ಚಳ ಹುಡುಕಿ, ಕೂರಿಸಿ, ಬಿಗಿಯಾಗುವ ತನಕ ತಿರುಗಿಸಿದೆ. ತಲೆಕೆಳಗು ಮಾಡಿ ಸೋರುವುದಿಲ್ಲ ಎಂದು ಅವರ ಎದುರೇ ನೋಡಿ, ಬುಡ್ಢಿಯ ಜೀನಿಗೆ ನನ್ನ ಕೈಯಾರೆ ಕಟ್ಟಿ, ಜೀಪು ಹತ್ತಿದೆ.